ಕಳಸಗಿತ್ತಿ ಹುಡುಗಿಗೆ ಲಂಗ ಹೊಲಿಸುವಾಗ

ನಮ್ಮ ಚಿಕ್ಕಬಳ್ಳಾಪುರದ ಕಡೆ ಮದುಮಗಳ ಸೀರೆಗೆ ನಾಲ್ಕು ಅಂಗಡಿ ಹತ್ತಿಳಿಯುವ ಮನೆಗಳಲ್ಲೂ ಕಳಸಗಿತ್ತಿ ಹುಡುಗಿಯ ಲಂಗ ಕೊನೇ ವಾರದ ಕೆಲಸ. ಆದರೆ ಧಾರೆ ಮುಗಿಯುವವರೆಗೂ ಕಳಸ ಹಿಡಿದು ಮದುಮಗಳ ಪಕ್ಕ ಬಿಡದೆ ನಿಲ್ಲಬೇಕಾದವಳು ಅವಳು. ಅರ್ಧ ಲೀಟರ್ ನೀರು, ಚೊಂಬು, ಮೇಲೊಂದು ತೆಂಗಿನಕಾಯಿ ಸೇರಿದರೆ ಒಂದು ಕೆ.ಜಿ. ದಾಟುತ್ತದೆ. ಅದನ್ನು ಹಿಡಿದ ಮೇಲೆ ಲಂಗ ಜಾರಿದರೆ ಎತ್ತಿಕೊಳ್ಳಲು ಕೈ ಇಲ್ಲ, ಬಗ್ಗಿ ನೋಡಿದರೆ ಪಾದ ಕಾಣುವುದಿಲ್ಲ. ಬಣ್ಣ, ಜರಿ ಎಲ್ಲ ಆಮೇಲೆ. ಮೊದಲು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಬಟ್ಟೆ ನೋಡಬೇಕು.

ಏಳೆಂಟು ವರ್ಷದವರೆಗೆ ಮಕ್ಕಳಿಗೆ ಲಂಗ ನಿಲ್ಲುವಂಥ ಸೊಂಟ ಇರುವುದಿಲ್ಲ. ಲಾಡಿ ಬಿಗಿದರೆ ಹೊಟ್ಟೆ ಒತ್ತುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಎಲಾಸ್ಟಿಕ್ ಕೂಡ ಭಾರದ ರೇಷ್ಮೆಯನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ. ಇದಕ್ಕೆ ಹಳೇ ಟೈಲರ್‌ಗಳ ಉಪಾಯವೇ ಸರಿ: ತೆಳು ಹತ್ತಿಯ, ತೋಳಿಲ್ಲದ ಬಾಡಿ ಹೊಲಿಸಿ ಲಂಗವನ್ನು ಅದಕ್ಕೇ ಜೋಡಿಸುವುದು. ಭಾರ ಹೆಗಲಿಗೆ ಹೋಗುತ್ತದೆ, ಮೇಲಿನ ರವಿಕೆಯ ಜರಿಯೂ ಮೈಗೆ ಚುಚ್ಚುವುದಿಲ್ಲ.

ಆರು ವರ್ಷದ ಮಗುವಿಗೆ ಎಷ್ಟು ಬಟ್ಟೆ ಬೇಕು? ಲಂಗದ ಉದ್ದ 26 ಇಂಚು ಎಂದಿಟ್ಟುಕೊಳ್ಳಿ. ಮಗು ಬೆಳೆದಾಗ ಬಿಚ್ಚಿ ಉದ್ದ ಮಾಡಲು ಮಡಿಚಿ ಹೊಲಿಯುವ ಪಟ್ಟಿಯೇ ಟಕ್. ಒಂದೊಂದು ಇಂಚಿನ ಎರಡು ಟಕ್‌ಗೆ 4 ಇಂಚು ಹೋಗುತ್ತದೆ, ಏಕೆಂದರೆ ಪ್ರತಿ ಟಕ್ ತನ್ನ ಎರಡರಷ್ಟು ಬಟ್ಟೆ ನುಂಗುತ್ತದೆ. ಕೆಳ ಮಡಿಕೆ, ಮೇಲಿನ ಹೊಲಿಗೆಗೆ ಒಂದೂವರೆ. ಒಟ್ಟು ಮೂವತ್ತೊಂದೂವರೆ ಇಂಚು. ಅಂಚು ಕೆಳಗೆ ಬರಬೇಕಾದ್ದರಿಂದ ಈ ಉದ್ದವನ್ನು ಬಟ್ಟೆಯ 44 ಇಂಚು ಪನ್ನದಲ್ಲೇ, ಅಂದರೆ ಅಗಲದಲ್ಲೇ ತೆಗೆಯಬೇಕು. ಸುತ್ತಳತೆಗೆ 2 ಮೀಟರ್ ಸಾಕು. ಅದಕ್ಕಿಂತ ಹೆಚ್ಚಾದರೆ ನೆರಿಗೆ ಸೊಂಟದಲ್ಲಿ ಗುಡ್ಡೆಯಾಗುತ್ತದೆ. ಎರಡೂ ಕಡೆ ಅಂಚಿರುವ ಬಟ್ಟೆ ಸಿಕ್ಕರೆ ಮೇಲುಳಿಯುವ ಪಟ್ಟಿಯ ಅಂಚನ್ನು ತೋಳಿಗೆ ಬಳಸಬಹುದು. ರವಿಕೆ ಬೇರೆ ಬಣ್ಣದ್ದಾದರೆ ಅರ್ಧ ಮೀಟರ್ ತನ್ನಿ.

ಟಕ್‌ಗಳನ್ನು ಕೈಹೊಲಿಗೆಯಲ್ಲೇ ಹಾಕಿಸಿ. ಮುಂದೆ ಬಿಚ್ಚಿದಾಗ ಮೆಷಿನ್ ಸೂಜಿಯ ತೂತು ರೇಷ್ಮೆಯಲ್ಲಿ ಸಾಲಾಗಿ ಕಾಣುತ್ತದೆ. ಲೈನಿಂಗ್ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿಯೇ ಟೈಲರ್‌ಗೆ ಕೊಡಿ. ಇಲ್ಲವಾದರೆ ಮೊದಲ ಸಲ ನೀರು ಬಿದ್ದಾಗಲೇ ಅದು ಕುಗ್ಗಿ ಮೇಲಿನ ರೇಷ್ಮೆಯನ್ನು ಸುಕ್ಕುಗಟ್ಟಿಸುತ್ತದೆ.

ಅಳತೆ ಕೊಡುವಾಗ ಮಗು ಕೈ ಇಳಿಬಿಟ್ಟು ನೆಟ್ಟಗೆ ನಿಂತಿರುತ್ತದೆ. ತಪ್ಪಾಗುವುದು ಅಲ್ಲೇ. ಒಂದು ಚೊಂಬನ್ನು ಎದೆಯ ಮುಂದೆ ಹಿಡಿಸಿ ಬೆನ್ನಿನ ಅಗಲ, ಕಂಕುಳ ಸುತ್ತಳತೆ ತೆಗೆಸಿ. ಕಂಕುಳಲ್ಲಿ ಬಿಗಿಯಿದ್ದರೆ ಕೈ ಮುಂದಕ್ಕೆ ಬಂದಾಗ ರವಿಕೆ ಮೇಲೇರಿ ಬೆನ್ನಿನ ಹುಕ್ಕು ಬಿಟ್ಟುಕೊಳ್ಳುತ್ತದೆ. ಉದ್ದವನ್ನು ಬರಿಗಾಲಲ್ಲೇ ಅಳೆಯಿರಿ, ಮಂಟಪದಲ್ಲಿ ಚಪ್ಪಲಿ ಇರುವುದಿಲ್ಲವಲ್ಲ. ನೆಲದಿಂದ 2 ಇಂಚು ಮೇಲಿದ್ದರೆ ಮೆಟ್ಟಿಲು ಹತ್ತುವಾಗ ಕಾಲಿಗೆ ಸಿಗದು. ರವಿಕೆಯ ಒಳಗೆ ಎರಡೂ ಪಕ್ಕ ಒಂದೊಂದು ಇಂಚು ಬಟ್ಟೆ ಬಿಡಿಸಿ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಪಕ್ಕದಲ್ಲೇ ಇದೆಯೆಂದು ಇಲ್ಲಿನ ಅಂಗಡಿಯಲ್ಲಿ ರೇಷ್ಮೆ ಎಂದದ್ದೆಲ್ಲ ರೇಷ್ಮೆಯಾಗಿರಬೇಕಿಲ್ಲ. ಅಪ್ಪಟ ರೇಷ್ಮೆಯೆಂದು ತೋರಿಸುವ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಅದಿಲ್ಲದಿದ್ದರೆ ತುದಿಯಿಂದ ಹಾಸಿನದೊಂದು (ಉದ್ದದ ಎಳೆ), ಹೊಕ್ಕಿನದೊಂದು (ಅಡ್ಡದ ಎಳೆ) ತೆಗೆದು ಎರಡನ್ನೂ ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಸು ರೇಷ್ಮೆ, ಹೊಕ್ಕು ಪಾಲಿಯೆಸ್ಟರ್ ಇರುವ ಬಟ್ಟೆಯೂ ಉಂಟು, ಅದಕ್ಕೇ ಎರಡೂ ಎಳೆ ಬೇಕು.

ಅಜ್ಜಿಯ ಸೀರೆ ಕತ್ತರಿಸಿ ಹೊಲಿಸುವುದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಐದೂವರೆ ಮೀಟರ್‌ನಲ್ಲಿ ಎರಡು ಲಂಗ ಆಗುತ್ತವೆ, ಸೆರಗಿನ ಜರಿ ರವಿಕೆಗೆ. ಆದರೆ ಕತ್ತರಿ ಹಾಕುವ ಮುಂಚೆ ಸೀರೆಯನ್ನು ಬೆಳಕಿಗೆ ಹಿಡಿದು, ವರ್ಷಗಟ್ಟಲೆ ಮಡಿಚಿಟ್ಟ ಗೆರೆಗಳ ಎರಡೂ ಬದಿ ಹೆಬ್ಬೆರಳಿಟ್ಟು ಮೆಲ್ಲಗೆ ಎಳೆಯಿರಿ. ಸಣ್ಣಗೆ ಚರ್ ಎಂದರೆ ಆ ಗೆರೆ ಸತ್ತಿದೆ. ಅದು ನೆರಿಗೆಯೊಳಗೆ ಬಂದರೂ ಸೀಳುತ್ತದೆ, ಬಿಟ್ಟೇ ಕತ್ತರಿಸಬೇಕು.

ನೆಟ್ ಬಟ್ಟೆಯ ಗೌನು ರಿಸೆಪ್ಷನ್‌ಗೆ ಸರಿ, ಹೋಮದ ಹತ್ತಿರ, ಆರತಿ ತಟ್ಟೆಯ ಹತ್ತಿರ ಖಂಡಿತ ಬೇಡ. ಕಿಡಿ ತಾಗಿದರೆ ಬೇಗ ಹತ್ತುತ್ತದೆ, ಕರಗಿ ಚರ್ಮಕ್ಕೆ ಅಂಟುತ್ತದೆ. ಕೆ.ಜಿ.ಎಫ್. ಕಡೆಯ ಚರ್ಚ್ ಮದುವೆಗಳಲ್ಲಿ ಹೂವಿನ ಬುಟ್ಟಿ ಹಿಡಿಯುವ ಮಗುವಿನ ಬಿಳಿ ಫ್ರಾಕ್‌ಗೂ ಮೇಣದ ಬತ್ತಿಯಿಂದ ಇದೇ ಅಪಾಯ. ಫ್ರಾಕ್ ಉಬ್ಬಿ ನಿಲ್ಲಲು ಒಳಗೆ ಕೊಡುವ ಗಡುಸು ನೆಟ್, ಅಂದರೆ ಕ್ಯಾನ್‌ಕ್ಯಾನ್, ತೊಡೆ ಕೆರೆಯದಂತೆ ಮೊಣಕಾಲಿನವರೆಗೆ ಹತ್ತಿಯ ಒಳಪದರ ಕೊಡಿಸಿ.

ಮದುವೆಗೆ ಒಂದು ತಿಂಗಳಿರುವಾಗ ಅಳತೆ ಕೊಡಿ. ಅದಕ್ಕೂ ಮೊದಲು ಕೊಟ್ಟರೆ ಮಗು ಬೆಳೆದುಬಿಡುತ್ತದೆ. ಹತ್ತು ದಿನ ಮುಂಚೆ ಹಾಕಿಸಿ, ಚೊಂಬಿಗೆ ನೀರು ತುಂಬಿಸಿ ಹಿಡಿಸಿ ಮನೆಯಲ್ಲಿ ಅರ್ಧ ಗಂಟೆ ಓಡಾಡಲು ಬಿಡಿ. ಎಲ್ಲಿ ಕೆರೆದುಕೊಳ್ಳುತ್ತಾಳೆ ನೋಡಿ, ಸರಿಪಡಿಸಬೇಕಾದ್ದು ಅಲ್ಲಿ. ಮದುವೆಯ ದಿನ ಪಿನ್ನಿನ ಬದಲು ಸೂಜಿದಾರ ಇಟ್ಟುಕೊಳ್ಳಿ. ಕುಂಕುಮ ಬಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಕೊಡವಿಬಿಡಿ. ನೀರು ಚೆಲ್ಲಿದರೆ ಉಜ್ಜದೆ ಒಣ ಹತ್ತಿ ಬಟ್ಟೆ ಒತ್ತಿ ತೆಗೆಯಿರಿ.