ಪೇಪರ್ ಹೊದ್ದ ದ್ರಾಕ್ಷಿ

ಇವತ್ತ ತಿಕೋಟಾ ಕಡೆ ಕಾಕಾನ ದ್ರಾಕ್ಷಿ ಪಡಕ್ಕ (ತೋಟಕ್ಕ) ಹೋಗಿದ್ದೆ.

ಒಂದೊಂದು ಗೊನಿಗೂ ಹಳೇ ಪೇಪರ್ ಸುತ್ತಿ ಪಿನ್ ಹೊಡದಾರ. ಒಂದರ ಮ್ಯಾಲ ರಾಶಿಭವಿಷ್ಯ. 'ಧನಲಾಭ' ಅಂತಿತ್ತು.

"ಹಕ್ಕಿ ಕಾಟಕ್ಕೇನ್ರಿ ಕಾಕಾ?"
"ಇಲ್ಲೋ ತಮ್ಮಾ, ಥಂಡಿಗೆ."

ಕಾಳಿಗೆ ನೀರು ತುಂಬೋ ಹೊತ್ತಿನ್ಯಾಗ ಹಗಲು ಚುರುಚುರು ಬಿಸಲು, ರಾತ್ರಿ 10 ಡಿಗ್ರಿಗಿಂತ ಕೆಳಗ ಥಂಡಿ. ಹಿಂಗಾದ್ರ ಹಸರ ಥಾಮ್ಸನ್ ತಳಿ ದ್ರಾಕ್ಷಿ ಕಾಳಿನ ಸಿಪ್ಪಿಗೆ ಗುಲಾಬಿ ಬಣ್ಣ ಏರ್ತದಂತ. ಪಿಂಕ್ ಬೆರ್ರಿ ಅಂತಾರ. ಒಂದು ಪೇಪರ್ ಬಿಚ್ಚಿ ತೋರಿಸಿದ್ರು, ಒಂದು ಮಗ್ಗಲು ಹಸರು, ಇನ್ನೊಂದು ಮಗ್ಗಲು ನಾಚಿದಂಗ ಕೆಂಪು. ನನಗಂತೂ ಭಾಳ ಚಂದ ಕಂಡ್ತು. ಎಕ್ಸ್‌ಪೋರ್ಟ್‌ನವ್ರು ಮಾತ್ರ ಮುಟ್ಟಂಗಿಲ್ಲ.

ಬಳ್ಳಿ ಕಾಟ ಒಂದಲ್ಲ ಬಿಡ್ರಿ. ಅಕ್ಟೋಬರ್ ಚಾಟ್ನಿ, ಅಂದ್ರ ಬಳ್ಳಿ ಟೊಂಗಿ ಕತ್ತರಸೋದು, ಆಗಿ ಹೂ ಬಿಡೋ ಟೈಮಿಗೆ ಮೋಡ, ಮಳಿ ಹಿಡದ್ರ ದಾವಣಿ (ಡೌನಿ ಬೂಜು) ರೋಗ. ಹಣ್ಣಾದ ಮ್ಯಾಲ ಮಳಿ ಬಂದ್ರ ಕಾಳು ಸೀಳ್ತಾವ. ಮಳಿ ಬರ್ಲಿ ಅಂತ ಕೈ ಮುಗಿಯೋ ವಿಜಯಪುರದಾಗ ಮಳಿ ಬ್ಯಾಡೋ ಯಪ್ಪಾ ಅನ್ನವ್ರು ಇವರ ಇರಬೇಕು!

ಪ್ಯಾಟ್ಯಾಗ ಗುಲಾಬಿ ಕಾಳಿನ ಗೊನಿ ಕಂಡ್ರ ಅಂಜಬ್ಯಾಡ್ರಿ, ರೇಟ್ ಇಳಿಸಿ ಕೇಳ್ರಿ. ಅವತ್ತ ತಿಂದು ಮುಗಿಸ್ರಿ ಅಷ್ಟ, ಲಗೂನ ಮೆತ್ತಗಾಗ್ತಾವಂತ.