ಜಾಣ ಮಕ್ಕಳನ್ನು ಆರಿಸೋದು ಹೇಗೆ?

ಧಾರವಾಡದಲ್ಲಿ ಎಲ್ಲಿ ನೋಡಿದರೂ ನವೋದಯ ಕೋಚಿಂಗ್ ಬೋರ್ಡು. ಐದನೇ ಕ್ಲಾಸಿನ ಮಕ್ಕಳಿಗೆ! ಕೇಂದ್ರ ಸರ್ಕಾರದ ನವೋದಯ ವಸತಿ ಶಾಲೆಗೆ ಆರನೇ ಕ್ಲಾಸಿಗೆ ಸೇರೋಕೆ ಒಂದು ಪ್ರವೇಶ ಪರೀಕ್ಷೆ: ಎರಡು ತಾಸು, 80 ಪ್ರಶ್ನೆ, 100 ಅಂಕ. ಅರ್ಧ ಪ್ರಶ್ನೆ ಬುದ್ಧಿಶಕ್ತಿಯವು. ಬಿಟ್ಟುಹೋದ ಚಿತ್ರ, ಕನ್ನಡಿ ಬಿಂಬ, ಹೀಗೆ. ಅದನ್ನೂ ಮಗ್ಗಿಯ ಹಾಗೆ ಉರು ಹೊಡೆಸ್ತಾರೆ.

ಮೊನ್ನೆ ಬೆಟಗೇರಿಯಲ್ಲಿ ಒಂದು ಕೈಮಗ್ಗದ ಮನೆಗೆ ಹೋಗಿದ್ದೆ. ಸೀರೆ ಅಂಚಿನ ಬುಟ್ಟಾದಲ್ಲಿ ಎಡಕ್ಕಿದ್ದದ್ದು ಬಲಕ್ಕೆ ಬಂದಿರಲಿಲ್ಲ. ಒಂದೇ ಎಳೆ ತಪ್ಪು. ಹಿಡಿದದ್ದು ಹತ್ತು ವರ್ಷದ ಮೊಮ್ಮಗಳು. "ಅಜ್ಜಾ, ಇಲ್ಲಿ ನೋಡು, ಉಲ್ಟಾ ಆಗೇತಿ" ಅಂದಳು. ಕನ್ನಡಿ ಬಿಂಬ ಅಂದರೆ ಇದೇ ಅಲ್ವಾ? ನವೋದಯಕ್ಕೆ ಅರ್ಜಿ ಹಾಕೀರೇನು ಅಂತ ಕೇಳಿದೆ. "ಅದೇನ್ರಿ?" ಅಂದರು ಅಜ್ಜ.

ಹಳ್ಳಿ ಮಕ್ಕಳಿಗೆ ಕನಿಷ್ಠ ಶೇ. 75 ಸೀಟು ಇದೆ, ಒಳ್ಳೆಯದೇ. ಆದರೆ ಅರ್ಜಿ ಹಾಕಿದವರಿಗೆ ಮಾತ್ರ ತಾನೇ? ಅಮೆರಿಕದ ಫ್ಲೋರಿಡಾದ ಬ್ರೋವಾರ್ಡ್ ಕೌಂಟಿಯಲ್ಲಿ (ಅಂದರೆ ಜಿಲ್ಲೆಯಲ್ಲಿ) ಜಾಣ ಮಕ್ಕಳ ವಿಶೇಷ ತರಗತಿಗೆ ಆರಿಸುವಾಗ ಮೊದಲು ಟೀಚರು, ಅಪ್ಪ-ಅಮ್ಮ ಹೆಸರು ಹೇಳಿದ ಮಕ್ಕಳನ್ನೇ ನೋಡುತ್ತಿದ್ದರು. 2005ರಲ್ಲಿ ಎರಡನೇ ಕ್ಲಾಸಿನ ಎಲ್ಲರಿಗೂ ಪರೀಕ್ಷೆ ಇಟ್ಟರು. ಬಡವರ, ಕರಿಯರ ಮಕ್ಕಳು ಎಷ್ಟೋ ಜನ ಹೊಸದಾಗಿ ಸಿಕ್ಕರು.

ನಮ್ಮಲ್ಲೂ ಶಾಲೆ ಹೊತ್ತಲ್ಲೇ, ಕೂತ ಬೆಂಚಿನಲ್ಲೇ ಎಲ್ಲರಿಗೂ ಪರೀಕ್ಷೆ ಆಗಲಿ. ಮಾಸ್ತರಿಗೆ ಕೆಲಸ ಜಾಸ್ತಿ, ಗೊತ್ತು. ಅರ್ಜಿ, ಫೋಟೊ, ಆಧಾರ್ ಎಲ್ಲ ಆಮೇಲೆ.