ಹಿತ್ತಲ ಕೋಳಿಗಳ ತಳಿ ಗುರುತು: ಬೇಸಗೆಯಿಂದ ಮಳೆಗಾಲದವರೆಗಿನ ಕೆಲಸ

ಉಡುಪಿ ಜಿಲ್ಲೆಯ ಬ್ರಹ್ಮಾವರ, ಬಾರಕೂರು ಮತ್ತು ಹೆಬ್ರಿಯ ಕಡೆಯ ಮನೆಗಳ ಹಿತ್ತಲಿನಲ್ಲಿ ಸಾಕಿರುವ ಕೋಳಿಗಳ ತಳಿಯನ್ನು ಗುರುತಿಸಿ ಹೋಲಿಸುವ ಹವ್ಯಾಸವನ್ನು ಕಳೆದ ಬೇಸಗೆಯಿಂದ ಕ್ರಮವಾಗಿ ನಡೆಸುತ್ತಿದ್ದೇನೆ. ಒಂದೊಂದು ಕೋಳಿಗೆ ಒಂದೊಂದು ಪುಟ. ಪುಟದಲ್ಲಿ ಮೊದಲು ಜುಟ್ಟು, ಅನಂತರ ಕಿವಿಹಾಲೆ, ಚರ್ಮ, ಕಾಲು, ಎಲ್ಲಕ್ಕಿಂತ ಕೊನೆಗೆ ಪುಕ್ಕದ ಬಣ್ಣ. ಬಣ್ಣವನ್ನು ಕೊನೆಗೆ ಇಟ್ಟಿರುವುದು ಬೇಕೆಂದೇ. ತುಳುನಾಡಿನ ಕೋಳಿ ಅಂಕದಲ್ಲಿ, ಅಂದರೆ ಕೋಳಿ ಕಾಳಗದಲ್ಲಿ, ಹುಂಜಗಳನ್ನು ಬೊಳ್ಳೆ, ಕಕ್ಕೆ, ಉರಿಯೆ, ಮೈರೆ ಎಂದು ಮೈಬಣ್ಣದ ಮೇಲೆಯೇ ಕರೆಯುತ್ತಾರೆ. ಅಂಕದವರಿಗೆ ಆ ವಿಂಗಡಣೆ ಸಾಕಾದರೂ ತಳಿಯನ್ನು ಹುಡುಕುವವನಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಒಂದೇ ಹೇಂಟೆ ಒಂದೇ ಕಾವಿನಲ್ಲಿ ಬಿಳಿ, ಕಪ್ಪು, ಕೆಂಪು ಮರಿಗಳನ್ನು ಒಟ್ಟಿಗೇ ಹೊರತರಬಲ್ಲದು.

ಏಪ್ರಿಲ್, ಮೇ

ಈ ಅವಧಿಯ ಕೆಲಸವೆಲ್ಲ ಜುಟ್ಟಿನದು. ನಮ್ಮ ಕಡೆಯ ಊರಕೋಳಿಗಳಲ್ಲಿ ಬಹುಪಾಲಿಗೆ ಗರಗಸದಂತೆ ನೆಟ್ಟಗೆ ನಿಂತ ಒಂಟಿ ಜುಟ್ಟು. ಹೆಬ್ರಿಯ ಮನೆಯೊಂದರ ಹುಂಜಕ್ಕೆ ಮಾತ್ರ ತಲೆಗೆ ಅಂಟಿಕೊಂಡ, ಮೂರು ಗಿಡ್ಡ ಸಾಲುಗಳ ಬಟಾಣಿ ಜುಟ್ಟು ಇತ್ತು. ಗಲ್ಲದ ಕೆಳಗಿನ ಜೋಲು ಇಲ್ಲವೆನ್ನುವಷ್ಟು ಸಣ್ಣದು, ಕುತ್ತಿಗೆ ಉದ್ದ, ಎದೆಯನ್ನು ಮೇಲಕ್ಕೆತ್ತಿ ನಿಲ್ಲುವ ಭಂಗಿ. ಇವೆಲ್ಲ ಕಾಳಗಕ್ಕೆ ಹೆಸರಾದ ಅಸೀಲ್ ತಳಿಯ ಲಕ್ಷಣಗಳು. ಕಾಳಗದಲ್ಲಿ ಎದುರಾಳಿಯ ಕೊಕ್ಕಿಗೆ ಸುಲಭವಾಗಿ ಸಿಗದ ಜುಟ್ಟು ಇದಾದ್ದರಿಂದ ಅಂಕದ ಕೋಳಿಗಳ ಮೂಲಕ ಅಸೀಲ್ ರಕ್ತ ಹಳ್ಳಿಗಳಿಗೆ ಹರಿದುಬಂದಿರುವುದರಲ್ಲಿ ಆಶ್ಚರ್ಯವಿಲ್ಲ. “ಇದು ಊರಕೋಳಿಯೇ ಮಾರಾಯ್ರೆ, ನಮ್ಮ ಅಜ್ಜಿಯ ಕಾಲದಿಂದ ಉಂಟು” ಎಂದು ಮನೆಯವರು ಹೇಳಿದರು. (ಕೋಳಿಯನ್ನು ಕೈಗೆತ್ತಿಕೊಂಡು ನೋಡುವವನು ಕೊಳ್ಳಲು ಬಂದವನೇ ಎಂದು ಎಲ್ಲೆಡೆಯೂ ತಿಳಿಯುತ್ತಾರೆ, ಹೆಸರಿಗಿಂತ ಮೊದಲು ಬೆಲೆ ಹೇಳುತ್ತಾರೆ.)

ಬಟಾಣಿ ಜುಟ್ಟಿನ ಗುಣ ಒಂಟಿ ಜುಟ್ಟಿನ ಮೇಲೆ ಪ್ರಬಲವಾಗಿರುವುದನ್ನೂ (ಜೀನಿನ ಒಂದೇ ಪ್ರತಿ ಇದ್ದರೂ ಅದು ಕಾಣಿಸಿಕೊಳ್ಳುತ್ತದೆ), ಗುಲಾಬಿ ಜುಟ್ಟು ಮತ್ತು ಬಟಾಣಿ ಜುಟ್ಟು ಕೂಡಿದಾಗ ಅಕ್ರೋಟಿನಂತಹ ಮೂರನೆಯ ಜುಟ್ಟು ಮೂಡುವುದನ್ನೂ ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನೆಟ್ 20ನೇ ಶತಮಾನದ ಮೊದಲ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಆದ್ದರಿಂದ ಬಟಾಣಿ ಜುಟ್ಟು ಕಂಡ ಮಾತ್ರಕ್ಕೆ ಅಸೀಲ್ ಎಂದು ಬರೆದುಬಿಡುವಂತಿಲ್ಲ. ಹಿಂದೆಲ್ಲೋ ಒಮ್ಮೆ ಬೆರೆತ ರಕ್ತವೂ ಅದೇ ಜುಟ್ಟನ್ನು ತೋರಿಸಬಲ್ಲದು.

ಜೂನ್

ಮಳೆ ಹಿಡಿದ ಮೇಲೆ ಕೋಳಿಗಳು ಕೊಟ್ಟಿಗೆಯ ಮಾಡಿನಡಿ ನಿಲ್ಲುವುದರಿಂದ ಕಾಲು ನೋಡುವುದು ಸುಲಭವಾಯಿತು. ಕಾಲಿನ ಬಣ್ಣ ಎರಡು ಪದರಗಳ ಲೆಕ್ಕ. ಚರ್ಮ ಹಳದಿಯಾಗಿದ್ದು ಒಳಪದರದಲ್ಲಿ ಕಪ್ಪು ವರ್ಣ ಇಲ್ಲದಿದ್ದರೆ ಕಾಲು ಹಳದಿ; ಅದೇ ಹಳದಿಯ ಕೆಳಗೆ ಕಪ್ಪು ಸೇರಿದರೆ ಹಸಿರು ಛಾಯೆ; ಬಿಳಿ ಚರ್ಮದ ಕೆಳಗೆ ಕಪ್ಪಿದ್ದರೆ ನೀಲಿಬೂದು. ಬಾರಕೂರಿನ ಹೇಂಟೆಯೊಂದರ ಕಾಲು ಮೋಡದ ಬೆಳಕಿನಲ್ಲಿ ಬೂದಿಯಂತೆ ಕಾಣುತ್ತಿತ್ತು. ಒದ್ದೆ ಬಟ್ಟೆಯಿಂದ ಕೆಸರು ಒರೆಸಿ ಬಾಗಿಲ ಬಳಿ ತಂದಾಗ ಹುರುಪೆಗಳ ಅಂಚಿನಲ್ಲಿ ಹಳದಿಯೂ ನಡುವೆ ಪಾಚಿಹಸಿರೂ ಸ್ಪಷ್ಟವಾದವು. ಹಳದಿ ಚರ್ಮದ ಗುಣವು ಸಾಕುಕೋಳಿಗೆ ಕೆಂಪು ಕಾಡುಕೋಳಿಯಿಂದಲ್ಲ, ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆ ಬೂದು ಕಾಡುಕೋಳಿ ನಮ್ಮ ಪಶ್ಚಿಮಘಟ್ಟದ್ದೇ. ಹೆಬ್ರಿಯ ಕಾಡಂಚಿನಲ್ಲಿ ಅದರ ಕೂಗು ಕೇಳದವರು ಕಡಿಮೆ.

ಬೋಳು ಕುತ್ತಿಗೆಯ ಕೋಳಿಗಳನ್ನೂ ಇದೇ ತಿಂಗಳು ನೋಡಿದೆ. ಅದು ತಳಿಯಲ್ಲ, ಒಂದು ಜೀನಿನ ಪರಿಣಾಮ. ಕುತ್ತಿಗೆಯ ಮುಂಭಾಗದಲ್ಲಿ ಪುಕ್ಕದ ಸಣ್ಣ ಗೊಂಚಲು ಉಳಿದಿದ್ದರೆ ಜೀನಿನ ಒಂದೇ ಪ್ರತಿ ಇದೆಯೆಂದೂ, ಕುತ್ತಿಗೆ ಬಹುತೇಕ ಪೂರ್ತಿ ಬೋಳಾಗಿದ್ದರೆ ಎರಡು ಪ್ರತಿಗಳಿವೆಯೆಂದೂ ತಿಳಿಯಬಹುದು. ಮೈಮೇಲಿನ ಪುಕ್ಕವೂ ಕಡಿಮೆಯಾಗುವುದರಿಂದ ಕರಾವಳಿಯ ಸೆಕೆಗೆ ಇವು ಹೊಂದಿಕೊಳ್ಳುತ್ತವೆ.

ಜುಲೈ

ಈ ತಿಂಗಳ ಪುಟಗಳೇ ನನಗೆ ಹೆಚ್ಚು ಮೆಚ್ಚುಗೆಯಾದವು. ಪರಿಚಯದವರೊಬ್ಬರು ಚರ್ಮ, ಮಾಂಸವೆಲ್ಲ ಕಪ್ಪಾಗಿರುವ ಕಡಕನಾಥ ತಳಿಯ ಹುಂಜವನ್ನು ಹಳದಿ ಕಾಲಿನ ಊರ ಹೇಂಟೆಗಳೊಂದಿಗೆ ಬಿಟ್ಟಿದ್ದರು. ಮರಿಗಳು ಬೆಳೆದಂತೆ ಹೇಂಟೆಮರಿಗಳೆಲ್ಲ ಕಪ್ಪು ಚರ್ಮದವಾದವು; ಹುಂಜಮರಿಗಳ ಚರ್ಮದಲ್ಲಿ ಅಲ್ಲಲ್ಲಿ ಮಾಸಿದ ಛಾಯೆ ಮಾತ್ರ. ಕಡಕನಾಥದ ಮಾಂಸ, ಮೂಳೆಯವರೆಗೆ ಕಪ್ಪನ್ನು ಹರಡುವ ಜೀನು ಪ್ರಬಲವಾದುದರಿಂದ ಎಲ್ಲ ಮರಿಗಳಿಗೂ ಅದು ಬಂದಿರುತ್ತದೆ. ಆದರೆ ಹಳದಿ ಕಾಲಿನ ಹೇಂಟೆಯಲ್ಲಿ ಆ ಕಪ್ಪನ್ನು ತಡೆಯುವ ಮತ್ತೊಂದು ಜೀನು ಲಿಂಗ ವರ್ಣತಂತುವಿನ ಮೇಲಿದೆ. ಕೋಳಿಗಳಲ್ಲಿ ಹೇಂಟೆಗೆ ಜೆಡ್ ಎಂಬ ಆ ಲಿಂಗ ವರ್ಣತಂತು ಒಂದೇ; ಅದನ್ನು ಅದು ತನ್ನ ಗಂಡುಮರಿಗಳಿಗೆ ಮಾತ್ರ ಕೊಡುತ್ತದೆ. ಹೀಗಾಗಿ ತಡೆಯುವ ಜೀನು ಹುಂಜಮರಿಗಳಿಗೆ ಸಿಕ್ಕಿ, ಹೇಂಟೆಮರಿಗಳಿಗೆ ಸಿಗುವುದಿಲ್ಲ.

ಇಂತಹ ಕಪ್ಪು ಹೇಂಟೆಗಳು ಸಂತೆಯಲ್ಲಿ ಶುದ್ಧ ಕಡಕನಾಥದ ಬೆಲೆಗೆ ಹೋಗುತ್ತವೆ, ಕೊಳ್ಳುವವರು ಜಾಗ್ರತೆ ವಹಿಸುವುದು ಒಳ್ಳೆಯದು. ಕಡಕನಾಥ ಮಧ್ಯಪ್ರದೇಶದ ಝಾಬುವಾ ಪ್ರದೇಶದ ತಳಿ. 2018ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಪಡೆದಿದೆ. ಅದರ ರಕ್ತ ಕಪ್ಪು, ಮೊಟ್ಟೆ ಕಪ್ಪು ಎಂಬ ಮಾರಾಟದ ಮಾತಿಗೆ ಆಧಾರವಿಲ್ಲ. ರಕ್ತ ಕೆಂಪೇ, ಮೊಟ್ಟೆ ತಿಳಿಕಂದು. ಕಪ್ಪು ಪುಕ್ಕವಿರುವುದೆಲ್ಲ ಕಡಕನಾಥವೂ ಅಲ್ಲ. ಕಣ್ಣೂರು, ಕೋಝಿಕ್ಕೋಡ್ ಕಡೆಯ ತಲಶ್ಶೇರಿ ತಳಿಯೂ ನೀಲಿ ಹೊಳಪಿನ ಕಪ್ಪೇ, ಆದರೆ ಅದರ ಜುಟ್ಟು ಕೆಂಪು. ಕಾಸರಗೋಡು ದಾಟಿದರೆ ನಮಗೆ ಹತ್ತಿರದ ಮಾನ್ಯತೆ ಪಡೆದ ತಳಿ ಅದೇ ಆಗಿದ್ದರೂ ಇಲ್ಲಿ ಅದರ ಹೆಸರನ್ನು ಎತ್ತುವವರಿಲ್ಲ.

ಆಗಸ್ಟ್

ಮಂಗಳೂರಿನ ಅಂಗಡಿಗಳಲ್ಲಿ ಬ್ರಾಯ್ಲರ್‌ಗೂ ಊರಕೋಳಿಗೂ ನಡುವಿನ ಬೆಲೆಗೆ ಸಿಗುವ ಟೈಸನ್ ಕೋಳಿಗಳನ್ನು ನೋಡಿ ಬಿಟ್ಟೆ. ಅದು ವ್ಯಾಪಾರದ ಹೆಸರಾದ್ದರಿಂದ ತಳಿಯ ಪುಟ ತೆರೆಯಲಿಲ್ಲ.

ಗಿರಿರಾಜ ಮತ್ತು ಸ್ವರ್ಣಧಾರಾ ಹಾಗಲ್ಲ. ಎರಡೂ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡವು. ಸ್ವರ್ಣಧಾರಾ 2005ರಲ್ಲಿ ಬಿಡುಗಡೆಯಾಯಿತು, ವರ್ಷಕ್ಕೆ 180ರಿಂದ 190 ಮೊಟ್ಟೆಗಳೆಂಬ ಲೆಕ್ಕ ಅದರದು. ಬಣ್ಣಬಣ್ಣದ ಪುಕ್ಕದಿಂದ ಇವು ಊರಕೋಳಿಯಂತೆಯೇ ಕಾಣುತ್ತವೆ, ಆದರೆ ಅಗಲವಾದ ಎದೆ, ದಪ್ಪ ಕಾಲು ಮತ್ತು ಕೈಗೆತ್ತಿದಾಗಿನ ತೂಕ ಸುಳ್ಳು ಹೇಳುವುದಿಲ್ಲ. ಇನ್ನೂ ನಂಬಬಹುದಾದ ಗುರುತು ನಡವಳಿಕೆಯಲ್ಲಿದೆ. ಊರ ಹೇಂಟೆ ಒಂದು ಸರದಿಯ ಮೊಟ್ಟೆ ಮುಗಿಸಿ 21 ದಿನ ಕಾವಿಗೆ ಕೂರುತ್ತದೆ, ಗಿರಿರಾಜ ಕೂರುವುದಿಲ್ಲ. ಆದುದರಿಂದಲೇ ಗಿರಿರಾಜದ ಮೊಟ್ಟೆಗಳನ್ನು ಊರ ಹೇಂಟೆಯಡಿ ಇಡುವ ರೂಢಿ, ಆ ಮರಿಗಳು ಸಾಕುತಾಯಿಯ ಹಿಂದೆ ತಿರುಗಿ ಬೆಳೆದು ಊರಕೋಳಿ ಎಂದೇ ಹೆಸರು ಪಡೆದು ಮತ್ತೆ ಹಿತ್ತಲ ಹಿಂಡಿನಲ್ಲಿ ಬೆರೆಯುತ್ತವೆ. ಊರಕೋಳಿಯನ್ನು ಒಂದು ತಳಿಯೆಂದು ಕರೆಯಲು ನನ್ನ ಮನಸ್ಸು ಒಪ್ಪದಿರುವುದು ಇದರಿಂದಲೇ. ನನ್ನ ಪುಟಗಳಲ್ಲಿ ಈಗ ತಳಿಯ ಹೆಸರಿನ ಜಾಗದಲ್ಲಿ ಯಾವ ಲಕ್ಷಣ ಯಾವ ಕಡೆಯದು ಎಂಬುದನ್ನಷ್ಟೇ ಬರೆಯುತ್ತಿದ್ದೇನೆ.

ಸದ್ಯ ಹೆಬ್ರಿಯ ಬಟಾಣಿ ಜುಟ್ಟಿನ ಹುಂಜವನ್ನು ಒಂಟಿ ಜುಟ್ಟಿನ ಹೇಂಟೆಗಳೊಂದಿಗೆ ಬೇರೆ ಗೂಡಿನಲ್ಲಿ ಬಿಡಲು ಮನೆಯವರು ಒಪ್ಪಿದ್ದಾರೆ, ಮೊಟ್ಟೆಗಳನ್ನು ಕಾವಿಗೆ ಇಟ್ಟಾಗಿದೆ. ಮರಿಗಳೆಲ್ಲಕ್ಕೂ ಬಟಾಣಿ ಜುಟ್ಟು ಬಂದರೆ ಹುಂಜದಲ್ಲಿ ಆ ಜೀನಿನ ಎರಡೂ ಪ್ರತಿಗಳಿರುವ ಸಾಧ್ಯತೆ ಹೆಚ್ಚು; ಒಂದೇ ಒಂದು ಮರಿಗೆ ಒಂಟಿ ಜುಟ್ಟು ಕಂಡರೂ ಅದು ಬೆರಕೆಯೆಂದು ಆ ಪುಟದಲ್ಲಿ ದಾಖಲಿಸುತ್ತೇನೆ.